ಮೊಸರು ಮತ್ತೆ ಹಾಲಾದೀತೇ? ದೇಹಕೋಶದಿಂದ ತದ್ರೂಪಿ ಕರು ಹುಟ್ಟುವ ಬಗೆ

ಎಮ್ಮೆ ಸಾಕಿದ ಮನೆಯವರಿಗೆ ಒಂದು ಕೊರಗು ಗೊತ್ತು. ಹಟ್ಟಿಯಲ್ಲಿ ಒಂದು ಎಮ್ಮೆ ಉಳಿದೆಲ್ಲವನ್ನೂ ಮೀರಿಸಿ ಹಾಲು ಕೊಡುತ್ತದೆ, ಕಾಯಿಲೆ ಬೀಳುವುದಿಲ್ಲ, ಹೊತ್ತಿಗೆ ಸರಿಯಾಗಿ ಬೆದೆಗೆ ಬರುತ್ತದೆ, ತಪ್ಪದೆ ಗಬ್ಬವಾಗುತ್ತದೆ. ಅದರ ಕರು ಬೆಳೆದು ತಾಯಿಯ ಜಾಗಕ್ಕೆ ಬಂದಾಗ ಲೆಕ್ಕ ತಪ್ಪುತ್ತದೆ. ಹಾಲು ಅರ್ಧಕ್ಕೆ ಇಳಿದಿರುತ್ತದೆ, ಇಲ್ಲವೇ ಹುಟ್ಟಿದ್ದೆಲ್ಲ ಗಂಡು ಕರುಗಳೇ ಆಗಿರುತ್ತವೆ. ಕರುವಿನಲ್ಲಿ ಅರ್ಧ ಪಾಲು ತಾಯಿಯದು, ಇನ್ನರ್ಧ ಕೋಣದ್ದು. ತಾಯಿಯ ಆ ಅರ್ಧದಲ್ಲೂ ಯಾವ ಗುಣ ಕರುವಿಗೆ ಇಳಿಯುತ್ತದೆ, ಯಾವುದು ಉಳಿದುಹೋಗುತ್ತದೆ ಎಂಬುದು ಚೀಟಿ ಎತ್ತಿದ ಹಾಗೆ.

ಹಾಗಾದರೆ ಬೆರಕೆಯೇ ಇಲ್ಲದೆ ಆ ಎಮ್ಮೆಯನ್ನೇ ಮತ್ತೊಮ್ಮೆ ಹುಟ್ಟಿಸಲು ಬರುವುದೇ? ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ 2009ರಿಂದ ಅಂಥ ಕರುಗಳನ್ನು ಹುಟ್ಟಿಸುತ್ತಾ ಬಂದಿದೆ. 2023ರ ಮಾರ್ಚ್ 16ರಂದು ಅಲ್ಲಿ 32 ಕಿಲೋ ತೂಕದ ಒಂದು ಗಿರ್ ಹೆಣ್ಣು ಕರು ಹುಟ್ಟಿತು. ಗಂಗಾ ಎಂದು ಹೆಸರಿಟ್ಟರು. ಅದನ್ನು ಹುಟ್ಟಿಸಲು ಹೋರಿ ಬೇಕಾಗಲಿಲ್ಲ, ಬದಲಿಗೆ ಮೂರು ಹಸುಗಳು ಬೇಕಾದವು: ದೇಹಕೋಶ ಕೊಟ್ಟದ್ದು ಒಂದು ಗಿರ್ ಹಸು, ಅಂಡಾಣು ಕೊಟ್ಟದ್ದು ಒಂದು ಸಾಹಿವಾಲ್ ಹಸು, ಹೊಟ್ಟೆಯಲ್ಲಿ ಹೊತ್ತು ಈದದ್ದು ಒಂದು ಮಿಶ್ರತಳಿ ಹಸು. ಕರು ಮಾತ್ರ ಅಪ್ಪಟ ಗಿರ್.

ಇದು ಹೇಗೆ ಸಾಧ್ಯವಾಯಿತು, ಸಾಧ್ಯವಾದ ಮೇಲೂ ಊರೂರಿಗೆ ಏಕೆ ಹಬ್ಬಲಿಲ್ಲ ಎಂಬುದನ್ನು ಬುಡದಿಂದ ನೋಡೋಣ.

## ಬಾಳೆಕಂದಿನಿಂದ ಶುರುಮಾಡೋಣ

ಒಂದೇ ಜೀವಿಯ ವಂಶವಾಹಿಗಳನ್ನು ಬೆರಕೆಯಿಲ್ಲದೆ, ಇಡಿಯಾಗಿ ಪಡೆದು ಹುಟ್ಟಿದ ಜೀವಿಗೆ ತದ್ರೂಪಿ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಕಾಣುವ ಕ್ಲೋನ್ ಎಂಬ ಪದವೂ ಇದೇ. ಅದರ ಮೂಲವಾದ ಗ್ರೀಕ್ ಪದಕ್ಕೆ ಎಳೆಯ ರೆಂಬೆ ಎಂದು ಅರ್ಥ. ವಂಶವಾಹಿ ಎಂದರೆ ಕೊಂಬಿನ ಆಕಾರ, ಮೈಬಣ್ಣ, ಹಾಲಿನ ಕೊಬ್ಬು ಮುಂತಾದ ಗುಣಗಳನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುವ ಬರಹದ ತುಣುಕು. ಆ ಬರಹವನ್ನು ಹೊತ್ತ ಉದ್ದನೆಯ ಎಳೆ ಡಿಎನ್‌ಎ.

ಗಿಡಗಳಲ್ಲಿ ತದ್ರೂಪಿ ಮಾಡುವುದು ನಮ್ಮ ರೈತರಿಗೆ ನಿತ್ಯದ ಕೆಲಸ. ಬಾಳೆಯ ಬುಡದಲ್ಲಿ ಎದ್ದ ಕಂದನ್ನು ಕಿತ್ತು ನೆಟ್ಟರೆ ಬರುವುದು ತಾಯಿ ಬಾಳೆಯ ತದ್ರೂಪಿಯೇ. ನಂಜನಗೂಡಿನ ರಸಬಾಳೆ ಹೀಗೆ ಕಂದಿನಿಂದ ಕಂದಿಗೆ ಇಳಿದು ನಮ್ಮವರೆಗೆ ಬಂದಿದೆ. ಕಬ್ಬಿನ ತುಂಡು, ಮಲ್ಲಿಗೆಯ ಕಡ್ಡಿ, ಕಸಿ ಕಟ್ಟಿದ ಮಾವಿನ ರೆಂಬೆ ಎಲ್ಲವೂ ಇದೇ ಲೆಕ್ಕ. ಪ್ರಾಣಿಗಳಲ್ಲಿ ಪ್ರಕೃತಿಯೇ ಮಾಡುವ ತದ್ರೂಪಿಗಳೆಂದರೆ, ಒಂದೇ ಭ್ರೂಣ ಎರಡಾಗಿ ಒಡೆದು ಹುಟ್ಟುವ ಅವಳಿಗಳು.

ಆದರೆ ಕಬ್ಬಿನ ತುಂಡು ನೆಟ್ಟರೆ ಕಬ್ಬು ಬರುವ ಹಾಗೆ ಹಸುವಿನ ಕಿವಿಯ ತುಂಡಿನಿಂದ ಹಸು ಬರುವುದಿಲ್ಲ. ಕಾರಣ ಜೀವಕೋಶದ ಒಳಗಿದೆ.

## ಗ್ರಂಥ ಒಂದೇ, ಬಿಚ್ಚಿದ ಗರಿಗಳು ಬೇರೆ

ಹಸುವಿನ ಮೈಯಲ್ಲಿರುವ ಎಲ್ಲ ಜೀವಕೋಶಗಳೂ ಮೂಲತಃ ಒಂದೇ ಕೋಶದಿಂದ ಬಂದವು. ಅಂಡಾಣು ಮತ್ತು ವೀರ್ಯಾಣು ಸೇರಿ ಆದ ಆ ಮೊದಲ ಕೋಶ ಎರಡಾಯಿತು, ನಾಲ್ಕಾಯಿತು, ಎಂಟಾಯಿತು. ಪ್ರತಿ ಸಲ ಒಡೆಯುವಾಗಲೂ ಡಿಎನ್‌ಎಯ ಪೂರ್ತಿ ನಕಲು ಎರಡೂ ಕಡೆಗೆ ಹೋಯಿತು. ಹಾಗಾಗಿ ಕಿವಿಯ ಚರ್ಮದ ಕೋಶದಲ್ಲೂ, ಕೆಚ್ಚಲಿನ ಕೋಶದಲ್ಲೂ, ಈಲಿಯ ಕೋಶದಲ್ಲೂ ಇಡೀ ಹಸುವನ್ನು ಕಟ್ಟುವಷ್ಟು ಬರಹ ಇದೆ. ಕೋಶಕೇಂದ್ರ ಎಂಬ ಪುಟ್ಟ ಚೀಲದೊಳಗೆ ಅದು ಭದ್ರವಾಗಿದೆ.

ಆ ಬರಹವನ್ನು ಒಂದು ದೊಡ್ಡ ತಾಳೆಗರಿ ಗ್ರಂಥವೆಂದು ಭಾವಿಸಿ. ಪ್ರತಿ ಕೋಶದ ಬಳಿಯೂ ಅದೇ ಗ್ರಂಥ. ಕೆಚ್ಚಲಿನ ಕೋಶ ಹಾಲು ಮಾಡುವ ಗರಿಗಳನ್ನು ಬಿಚ್ಚಿಟ್ಟುಕೊಂಡು ಉಳಿದವನ್ನು ದಾರ ಬಿಗಿದು ಗಂಟು ಹಾಕಿದೆ. ಈಲಿಯ ಕೋಶ ಹಾಲಿನ ಗರಿಗಳಿಗೆ ಗಂಟು ಹಾಕಿ ಪಿತ್ತರಸದ ಗರಿಗಳನ್ನು ಬಿಚ್ಚಿದೆ. ಗಂಟು ಎಂದೆನಲ್ಲ, ಅದು ನಿಜವಾಗಿ ರಾಸಾಯನಿಕ ಗುರುತು. ಡಿಎನ್‌ಎಯ ಮೇಲೂ, ಡಿಎನ್‌ಎಯನ್ನು ಸುತ್ತಿಟ್ಟಿರುವ ಪ್ರೋಟೀನ್‌ಗಳ ಮೇಲೂ ಅಂಟಿಕೊಂಡ ಸಣ್ಣ ಅಣುಗುಂಪುಗಳು ಇಂಥ ಕಡೆ ಓದು, ಇಂಥ ಕಡೆ ಓದಬೇಡ ಎಂದು ಸೂಚಿಸುತ್ತವೆ. ಗ್ರಂಥದ ಅಕ್ಷರ ಒಂದೂ ಬದಲಾಗಿರುವುದಿಲ್ಲ; ಓದುವ ಜಾಗ ಬದಲಾಗಿರುತ್ತದೆ.

ಒಮ್ಮೆ ಒಂದು ಕಸುಬು ಹಿಡಿದ ಕೋಶ ಸಾಯುವವರೆಗೂ ಅದನ್ನು ಬಿಡುವುದಿಲ್ಲ. ಅದು ನಮ್ಮ ಪುಣ್ಯ. ಇಲ್ಲದಿದ್ದರೆ ಚರ್ಮದಲ್ಲಿ ಹಲ್ಲು ಮೊಳೆಯುತ್ತಿತ್ತು. ಈ ಹಟದಿಂದಾಗಿಯೇ, ಹೆಪ್ಪು ಹಾಕಿದ ಹಾಲು ಮೊಸರಾದ ಮೇಲೆ ಮತ್ತೆ ಹಾಲಾಗದು ಎನ್ನುವಂತೆ, ಬಲಿತ ಕೋಶ ಮತ್ತೆ ಮೊದಲ ಕೋಶವಾಗದು ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು.

1962ರಲ್ಲಿ ಇಂಗ್ಲೆಂಡಿನ ಜಾನ್ ಗುರ್ಡನ್ ಆ ನಂಬಿಕೆಯನ್ನು ಅಲುಗಿಸಿದರು. ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು, ತನ್ನದೇ ಕೋಶಕೇಂದ್ರ ಕಳೆದುಕೊಂಡ ಕಪ್ಪೆಯ ಅಂಡಾಣುವಿಗೆ ಸೇರಿಸಿ ಕಪ್ಪೆಗಳನ್ನು ಪಡೆದರು. ಆದರೆ ಬಲಿತ ಕಪ್ಪೆಯ ಕೋಶ ತೆಗೆದುಕೊಂಡಾಗ ಬೆಳವಣಿಗೆ ಗೊದಮೊಟ್ಟೆಯ ಹಂತಕ್ಕೇ ನಿಂತಿತು. ಸ್ತನಿಗಳಲ್ಲಂತೂ ಈ ದಾರಿಯಿಂದ ತದ್ರೂಪಿ ಅಸಾಧ್ಯ ಎಂದು 1984ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿದವರು ಬರೆದೇ ಬಿಟ್ಟರು.

## ಕಪ್ಪು ಮುಖದ ಕುರಿಗೆ ಬಿಳಿ ಮುಖದ ಮರಿ

ಹನ್ನೆರಡು ವರ್ಷಗಳ ನಂತರ, 1996ರ ಜುಲೈ 5ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ಬಳಿಯ ರೋಸ್ಲಿನ್ ಸಂಸ್ಥೆಯಲ್ಲಿ ಡಾಲಿ ಹುಟ್ಟಿತು. ಇಯಾನ್ ವಿಲ್ಮಟ್ ಮತ್ತು ಕೀತ್ ಕ್ಯಾಂಪ್‌ಬೆಲ್ ಅವರ ತಂಡ ಆರು ವರ್ಷದ ಫಿನ್ ಡಾರ್ಸೆಟ್ ಕುರಿಯ ಕೆಚ್ಚಲಿನ ಕೋಶ ಬಳಸಿತ್ತು. ಅಂಡಾಣು ಮತ್ತು ಗರ್ಭ ಎರಡೂ ಕಪ್ಪು ಮುಖದ ಸ್ಕಾಟಿಷ್ ತಳಿಯವು. ಹೆತ್ತ ಕುರಿಯ ಮುಖ ಕಪ್ಪು, ಮರಿಯ ಮುಖ ಬಿಳಿ: ಮರಿ ಯಾರದ್ದು ಎಂಬುದಕ್ಕೆ ಕಣ್ಣೆದುರಿಗೇ ಸಾಕ್ಷಿ ಇತ್ತು.

ಉಳಿದವರು ಸೋತಲ್ಲಿ ಇವರು ಗೆದ್ದದ್ದು ಹೇಗೆ? ಕ್ಯಾಂಪ್‌ಬೆಲ್ ಒಂದು ಸರಳ ಉಪಾಯ ಹಿಡಿದರು: ಕೋಶಗಳನ್ನು ಉಪವಾಸ ಕೆಡವಿದರು. ಗಾಜಿನ ತಟ್ಟೆಯಲ್ಲಿ ಬೆಳೆಯುವ ಕೋಶಗಳಿಗೆ ಕೊಡುವ ಸೀರಮ್ ಎಂಬ ಪೋಷಕ ದ್ರವವನ್ನು ಶೇ 10ರಿಂದ ಶೇ 0.5ಕ್ಕೆ ಇಳಿಸಿ ಐದು ದಿನ ಇಟ್ಟರು. ಹೊಟ್ಟೆಗಿಲ್ಲದ ಕೋಶ ಒಡೆಯುವುದನ್ನು ನಿಲ್ಲಿಸಿ ಮಲಗಿಬಿಡುತ್ತದೆ. ಹಾಗೆ ಮಲಗಿದ ಕೋಶದ ಡಿಎನ್‌ಎ ಅಂಡಾಣುವಿನ ಲಯಕ್ಕೆ ಹೊಂದಿಕೊಳ್ಳುತ್ತದೆ. ನಕಲಾಗುತ್ತಿರುವ ನಡುದಾರಿಯಲ್ಲಿ ಅದನ್ನು ಎತ್ತಿ ಅಂಡಾಣುವಿಗೆ ಹಾಕಿದರೆ, ಡಿಎನ್‌ಎ ಸುತ್ತಿಕೊಂಡು ಆದ ವರ್ಣತಂತುಗಳು ಚೂರಾಗುತ್ತವೆ.

ಅಷ್ಟಾದರೂ ಲೆಕ್ಕ ಕಠಿಣವೇ ಆಗಿತ್ತು. ಹೀಗೆ ಜೋಡಿಸಿದ 277 ಅಂಡಾಣುಗಳಲ್ಲಿ 29 ಮಾತ್ರ ಭ್ರೂಣಗಳಾದವು. ಅವನ್ನು 13 ಕುರಿಗಳ ಗರ್ಭಕ್ಕೆ ಸೇರಿಸಿದರು. ಹುಟ್ಟಿದ್ದು ಒಂದು ಮರಿ. 1997ರ ಫೆಬ್ರುವರಿಯಲ್ಲಿ ಸುದ್ದಿ ಹೊರಬಿದ್ದಾಗ ಜಗತ್ತೆಲ್ಲ ಆ ಒಂದನ್ನೇ ಕಂಡಿತು. ಉಳಿದ 276ರಲ್ಲಿ ಏನಾಯಿತು ಎಂಬುದನ್ನು ಅರಿಯದೆ ತದ್ರೂಪಿಯ ಕಷ್ಟ ಅರ್ಥವಾಗುವುದಿಲ್ಲ. ಅದಕ್ಕೆ ಮೊದಲು ಆ ಜೋಡಣೆಯನ್ನೇ ಹತ್ತಿರದಿಂದ ನೋಡಬೇಕು.

## ಸೂಕ್ಷ್ಮದರ್ಶಕದ ಕೆಳಗೆ ಒಂದು ಬ್ಲೇಡು

ಡಾಲಿಯ ವಿಧಾನಕ್ಕೆ ಬಹಳ ದುಬಾರಿ ಉಪಕರಣ ಬೇಕು. ಗಾಜಿನ ಕೊಳವೆಯೊಂದರಲ್ಲಿ ಅಂಡಾಣುವನ್ನು ಹಿಡಿದು, ಕೂದಲಿಗಿಂತ ಸಪೂರವಾದ ಸೂಜಿಯಿಂದ ಅದರ ವರ್ಣತಂತುಗಳನ್ನು ಹೀರಿ ತೆಗೆಯಬೇಕು. ಕರ್ನಾಲ್‌ನವರು ಎಮ್ಮೆಗೆ ಹೊಂದಿಸಿಕೊಂಡದ್ದು ಕೈಯಿಂದಲೇ ಮಾಡುವ ಅಗ್ಗದ ವಿಧಾನ.

ಕಸಾಯಿಖಾನೆಯಿಂದ ಎಮ್ಮೆಗಳ ಅಂಡಾಶಯಗಳನ್ನು ಬೆಚ್ಚಗಿನ ಉಪ್ಪುನೀರಿನ ಫ್ಲಾಸ್ಕಿನಲ್ಲಿ ತರುತ್ತಾರೆ. ಅವುಗಳ ಮೇಲೆ ನೀರುಗುಳ್ಳೆಯಂತೆ ಉಬ್ಬಿದ ಕೋಶಿಕೆಗಳಿಂದ ಸಿರಿಂಜಿನಲ್ಲಿ ದ್ರವ ಎಳೆದರೆ ಅದರೊಂದಿಗೆ ಅಂಡಾಣುಗಳು ಬರುತ್ತವೆ. ಒಂದೊಂದೂ ಮಿಲಿಮೀಟರಿನ ಹತ್ತನೇ ಒಂದರಷ್ಟು. ಕಣ್ಣು ಚುರುಕಾಗಿದ್ದವರಿಗೆ ಚುಕ್ಕೆಯಾಗಿ ಕಂಡೀತು. ಎಮ್ಮೆಯ ಮೈಬಿಸಿಯಾದ ಸುಮಾರು 38.5 ಡಿಗ್ರಿಯಲ್ಲಿ ಒಂದು ದಿನ ಇಟ್ಟರೆ ಅವು ಮಾಗುತ್ತವೆ. ಆಮೇಲೆ ಕಿಣ್ವದ ದ್ರಾವಣದಲ್ಲಿ ಅದ್ದಿ ಹೊರಗಿನ ಗಟ್ಟಿ ಪೊರೆಯನ್ನು ಕರಗಿಸುತ್ತಾರೆ. ಪೊರೆ ಹೋದ ಅಂಡಾಣುವಿನ ಒಂದು ಬದಿಯಲ್ಲಿ ಸಣ್ಣ ಉಬ್ಬು ಕಾಣುತ್ತದೆ. ವರ್ಣತಂತುಗಳು ಇರುವುದು ಅಲ್ಲಿ. ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ, ನುರಿತ ಕೈ ಆ ಉಬ್ಬಿನ ಭಾಗವನ್ನು ಪುಟ್ಟ ಬ್ಲೇಡಿನಿಂದ ಕೊಯ್ದು ಬಿಸಾಡುತ್ತದೆ. ಉಳಿದದ್ದು ಗ್ರಂಥವಿಲ್ಲದ, ಆದರೆ ಗ್ರಂಥ ಓದಲು ಬೇಕಾದ ಸಕಲ ಸಾಮಗ್ರಿಯೂ ಇರುವ ಅಂಡಾಣು.

ಅಂಥ ಎರಡು ಅಂಡಾಣು ತುಂಡುಗಳ ನಡುವೆ, ಕಿವಿಯ ಚರ್ಮದಿಂದ ಬೆಳೆಸಿದ ಒಂದೇ ಒಂದು ಕೋಶವನ್ನು ಇಡುತ್ತಾರೆ. ಮೂರೂ ಅಂಟಿಕೊಳ್ಳಲು ಬಳಸುವ ಅಂಟು ರಾಜ್ಮಾ ಕಾಳಿನಿಂದ ತೆಗೆದ ಪ್ರೋಟೀನು. ಸೂಕ್ಷ್ಮ ವಿದ್ಯುತ್ ಆಘಾತ ಕೊಟ್ಟಾಗ ಮೂರರ ಗೋಡೆಗಳೂ ಕರಗಿ ಒಂದಾಗುತ್ತವೆ. ವೀರ್ಯಾಣು ಬಂದು ಮುಟ್ಟಿತೆಂಬ ಭ್ರಮೆ ಹುಟ್ಟಿಸಲು ಒಂದೆರಡು ರಾಸಾಯನಿಕಗಳನ್ನು ಹಾಕುತ್ತಾರೆ. ಎಲ್ಲ ನೆಟ್ಟಗಾದರೆ ಅದು ಒಡೆಯಲು ತೊಡಗುತ್ತದೆ, ಏಳೆಂಟು ದಿನಗಳಲ್ಲಿ ನೂರರ ಆಸುಪಾಸಿನ ಕೋಶಗಳ ಪುಟ್ಟ ಚೆಂಡಾಗುತ್ತದೆ. ಬೆದೆ ಕಳೆದು ಹದಕ್ಕೆ ಬಂದಿರುವ ಎಮ್ಮೆಯ ಗರ್ಭಕ್ಕೆ ಅದನ್ನು ಸೇರಿಸಿದರೆ, ಮುಂದಿನ ಹತ್ತು ತಿಂಗಳು ಕಾಯುವ ಕೆಲಸ.

2009ರ ಫೆಬ್ರುವರಿ 6ರಂದು ಈ ದಾರಿಯಲ್ಲಿ ಮೊದಲ ಕರು ಹುಟ್ಟಿತು. ಸಮರೂಪಾ ಎಂದು ಕರೆದರು. ಶ್ವಾಸಕೋಶದ ತೊಂದರೆಯಿಂದ ಅದು ಒಂದು ವಾರವೂ ಬದುಕಲಿಲ್ಲ. ಅದೇ ಜೂನ್‌ನಲ್ಲಿ ಹುಟ್ಟಿದ ಗರಿಮಾ ಎರಡು ವರ್ಷ ದಾಟಿತು.

## ಸೋಲು ಎಲ್ಲಿ?

ಕೈಚಳಕದಲ್ಲಿ ಆಗುವ ನಷ್ಟ ಸ್ವಲ್ಪ. ದೊಡ್ಡ ನಷ್ಟ ಆಗುವುದು ಗಂಟು ಬಿಚ್ಚುವಲ್ಲಿ.

ಸಹಜ ಗರ್ಭಧಾರಣೆಯಲ್ಲಿ ಅಂಡಾಣುವಿಗೆ ಸಿಗುವುದು ವೀರ್ಯಾಣು. ಅದನ್ನು ಬಿಚ್ಚಿ ಓದುವುದಕ್ಕೆಂದೇ ಅಂಡಾಣು ಕೋಟ್ಯಂತರ ವರ್ಷಗಳಿಂದ ಪಳಗಿದೆ. ಕಿವಿಯ ಚರ್ಮದ ಕೋಶ ಬಂದಾಗ ಅದು ಕಾಣುವುದು ಅಪರಿಚಿತ ಗಂಟುಗಳನ್ನು. ಸಾವಿರಾರು ಕಡೆ ಬಿಗಿದಿರುವ ಅವನ್ನು ಕೆಲವೇ ಗಂಟೆಗಳಲ್ಲಿ, ಇದ್ದ ಸಾಮಗ್ರಿಯಲ್ಲಿಯೇ ಬಿಚ್ಚಬೇಕು. ನಾನು ಇನ್ನು ಚರ್ಮವಲ್ಲ ಎಂದು ಆ ಕೋಶ ಮರೆಯಬೇಕು. ಬಹಳಷ್ಟು ಗಂಟುಗಳನ್ನು ಅಂಡಾಣು ಬಿಚ್ಚಿಯೇ ಬಿಡುತ್ತದೆ. ಅಷ್ಟೊಂದು ಬಿಚ್ಚುತ್ತದಲ್ಲ ಎಂಬುದೇ ನನಗೆ ಇಡೀ ಕಥೆಯಲ್ಲಿ ಅತಿ ದೊಡ್ಡ ಬೆರಗು. ಉಳಿದ ಕೆಲವು ಗಂಟುಗಳು ಪ್ರಾಣಕ್ಕೆ ಎರವಾಗುತ್ತವೆ.

ಹಸು, ಎಮ್ಮೆಗಳ ಭ್ರೂಣ ಎಂಟರಿಂದ ಹದಿನಾರು ಕೋಶಗಳಾಗುವವರೆಗೂ ಅಂಡಾಣು ತುಂಬಿಟ್ಟ ಬುತ್ತಿಯಲ್ಲೇ ನಡೆಯುತ್ತದೆ. ಅಲ್ಲಿಂದ ಮುಂದೆ ಭ್ರೂಣ ತನ್ನ ಗ್ರಂಥವನ್ನು ತಾನೇ ಓದಬೇಕು. ಬೇಕಾದ ಗರಿ ಗಂಟಿನಲ್ಲೇ ಉಳಿದಿದ್ದರೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ತಟ್ಟೆಯಲ್ಲಿಯೇ ಸಾಯುವ ಭ್ರೂಣಗಳ ದೊಡ್ಡ ಪಾಲು ಇಂಥವು. 2014ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಯಿ ಝಾಂಗ್ ಅವರ ತಂಡ ಇಲಿಗಳಲ್ಲಿ ಇಂಥ ಒಂದು ಬಗೆಯ ಗಂಟನ್ನು ಗುರುತಿಸಿ, ಅದನ್ನು ಬಿಚ್ಚುವ ಕಿಣ್ವವನ್ನು ಅಂಡಾಣುವಿಗೆ ಕೊಟ್ಟು ನೋಡಿತು. ಭ್ರೂಣಗಳು ಮುಂದುವರಿಯುವ ಪ್ರಮಾಣ ಎದ್ದು ಕಾಣುವಷ್ಟು ಏರಿತು.

ಗರ್ಭ ಸೇರಿದ ಮೇಲಿನ ಸಂಕಟ ಬೇರೆ ಬಗೆಯದು. ಕೆಲವು ವಂಶವಾಹಿಗಳು ತಂದೆಯಿಂದ ಬಂದ ಪ್ರತಿಯಲ್ಲಿ ಮಾತ್ರ ಓದಲ್ಪಡುತ್ತವೆ, ಕೆಲವು ತಾಯಿಯ ಪ್ರತಿಯಲ್ಲಿ ಮಾತ್ರ. ಅವುಗಳ ಮೇಲಿನ ಗಂಟುಗಳು ಬಿಚ್ಚಲೇಬಾರದವು. ತದ್ರೂಪಿ ಮಾಡುವ ಗಡಿಬಿಡಿಯಲ್ಲಿ ಇವೂ ಸಡಿಲವಾಗುತ್ತವೆ. ಇವುಗಳಲ್ಲಿ ಹಲವು ಕರುವಿನ ಬೆಳವಣಿಗೆಯನ್ನೂ, ತಾಯಿಗೂ ಕರುವಿಗೂ ನಡುವೆ ಆಹಾರ ಸಾಗಿಸುವ ಮಾಸನ್ನೂ ಹತೋಟಿಯಲ್ಲಿ ಇಡುವಂಥವು. ಹತೋಟಿ ತಪ್ಪಿದಾಗ ಮಾಸು ಸರಿಯಾಗಿ ಕಟ್ಟುವುದಿಲ್ಲ, ಗರ್ಭದಲ್ಲಿ ನೀರು ತುಂಬಿಕೊಳ್ಳುತ್ತದೆ, ಕರು ಮಿತಿಮೀರಿ ದಪ್ಪವಾಗುತ್ತದೆ. ಹಸು ಈಯಲಾರದೆ ಒದ್ದಾಡುತ್ತದೆ, ಶಸ್ತ್ರಕ್ರಿಯೆ ಮಾಡಬೇಕಾಗುತ್ತದೆ. ಹುಟ್ಟಿದ ಕರುವಿಗೆ ಉಸಿರಾಟದ ತೊಂದರೆ, ದಪ್ಪನಾದ ಹೊಕ್ಕುಳಬಳ್ಳಿ, ಹೃದಯದ ದೋಷ ಕಾಣಿಸಿಕೊಳ್ಳುವುದುಂಟು. ದನಗಳಲ್ಲಿ ಗಬ್ಬ ನಿಂತ ತಿಂಗಳುಗಳ ನಂತರವೂ ತದ್ರೂಪಿ ಭ್ರೂಣ ಕಳೆದುಹೋಗುವುದು ಇದರಿಂದಲೇ.

ಈ ನೋವನ್ನು ಹೊರುವುದು ಬಾಡಿಗೆ ತಾಯಿಯಾದ ಪ್ರಾಣಿ. 2005ರಲ್ಲಿ ದಕ್ಷಿಣ ಕೊರಿಯಾದಲ್ಲಿ ಸ್ನಪ್ಪಿ ಎಂಬ ಮೊದಲ ತದ್ರೂಪಿ ನಾಯಿ ಹುಟ್ಟಿದಾಗ, ಅದಕ್ಕಾಗಿ 1,095 ಭ್ರೂಣಗಳನ್ನು 123 ನಾಯಿಗಳ ಗರ್ಭಕ್ಕೆ ಹಾಕಿದ್ದರು. ಎರಡು ಮರಿಗಳು ಹುಟ್ಟಿದವು, ಒಂದು ಮೂರು ವಾರಗಳಲ್ಲಿ ನ್ಯುಮೋನಿಯಾದಿಂದ ಸತ್ತಿತು. ಆ 123 ನಾಯಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸ್ನಪ್ಪಿಯ ಬೆಲೆ ಕಟ್ಟಲಾಗದು.

## ಹುಟ್ಟುವಾಗಲೇ ವಯಸ್ಸಾಗಿರುತ್ತದೆಯೇ?

ಡಾಲಿ 2003ರ ಫೆಬ್ರುವರಿ 14ರಂದು, ಆರೂವರೆ ವರ್ಷಕ್ಕೆ ಸತ್ತಿತು. ಆ ತಳಿಯ ಕುರಿಗಳು ಹತ್ತು ಹನ್ನೆರಡು ವರ್ಷ ಬದುಕುತ್ತವೆ. ಆರು ವರ್ಷದ ಕುರಿಯ ಕೋಶದಿಂದ ಹುಟ್ಟಿದ್ದರಿಂದ ಅದು ಆರು ವರ್ಷ ಮುದಿಯಾಗಿಯೇ ಹುಟ್ಟಿತ್ತು ಎಂಬ ಮಾತು ಆಗ ಹಬ್ಬಿ ಇಂದಿಗೂ ಉಳಿದಿದೆ. ಡಾಲಿಯ ವರ್ಣತಂತುಗಳ ತುದಿಗಳು ಆ ವಯಸ್ಸಿಗೆ ಇರಬೇಕಾದ್ದಕ್ಕಿಂತ ಮೋಟಾಗಿದ್ದವು ಎಂಬುದು ನಿಜ. ಕೋಶ ಒಡೆದ ಹಾಗೆಲ್ಲ ಆ ತುದಿ ಸವೆಯುತ್ತದೆ, ಚಪ್ಪಲಿಯ ಹಿಮ್ಮಡಿ ಸವೆದ ಹಾಗೆ.

ಆದರೆ ಡಾಲಿಗೆ ಬಂದದ್ದು ಮುಪ್ಪಲ್ಲ, ಕುರಿಗಳಲ್ಲಿ ವೈರಸ್‌ನಿಂದ ಹರಡುವ ಶ್ವಾಸಕೋಶದ ಗಡ್ಡೆ. ಗುಣವಾಗದೆಂದು ತಿಳಿದ ಮೇಲೆ ನೋವಿಲ್ಲದೆ ಸಾಯಿಸಿದರು. ಅದೇ ಕೋಶಸಂಗ್ರಹದಿಂದ ಹುಟ್ಟಿದ ಇನ್ನೂ ನಾಲ್ಕು ಕುರಿಗಳು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಬೆಳೆದವು. ಅವೂ ಸೇರಿ 13 ತದ್ರೂಪಿ ಕುರಿಗಳನ್ನು ಏಳರಿಂದ ಒಂಬತ್ತನೆಯ ವಯಸ್ಸಿನಲ್ಲಿ ಪರೀಕ್ಷಿಸಿ, ವಯಸ್ಸಿಗೆ ತಕ್ಕ ಆರೋಗ್ಯ ಇದೆ ಎಂದು 2016ರಲ್ಲಿ ವರದಿ ಮಾಡಿದರು. ಜಪಾನಿನ ತೆರುಹಿಕೋ ವಾಕಾಯಾಮ ಅವರು ಒಂದೇ ಇಲಿಯಿಂದ ಆರಂಭಿಸಿ, ತದ್ರೂಪಿಯ ತದ್ರೂಪಿ ಮಾಡುತ್ತಾ 25 ತಲೆಮಾರು ಮುಂದುವರಿಸಿದರು. 2013ರ ಹೊತ್ತಿಗೆ 581 ಇಲಿಗಳು ಹುಟ್ಟಿದ್ದವು, ಎಲ್ಲಕ್ಕೂ ಸಹಜ ಆಯುಸ್ಸು. ಒಟ್ಟಿನಲ್ಲಿ ಅಪಾಯ ಇರುವುದು ಗರ್ಭದಲ್ಲಿ ಮತ್ತು ಹುಟ್ಟಿದ ಮೊದಲ ವಾರಗಳಲ್ಲಿ. ಅದನ್ನು ದಾಟಿದ್ದು ಬಹುಮಟ್ಟಿಗೆ ಉಳಿದ ಪ್ರಾಣಿಗಳಂತೆಯೇ ಬದುಕುತ್ತದೆ. ಡಾಲಿಯೇ ಸಹಜವಾಗಿ ಆರು ಮರಿಗಳನ್ನು ಹಾಕಿತ್ತು.

## ಅಚ್ಚಿನಲ್ಲಿ ತೆಗೆದ ಹಾಗೆ ಇರುವುದಿಲ್ಲ

2001ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹುಟ್ಟಿದ ಸಿಸಿ ಎಂಬ ಬೆಕ್ಕಿನ ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೋಶ ಕೊಟ್ಟ ಬೆಕ್ಕಿಗೆ ಬಿಳಿ, ಕಪ್ಪು, ಕಿತ್ತಳೆ ಮೂರು ಬಣ್ಣ. ಸಿಸಿಯ ಮೈಮೇಲೆ ಕಿತ್ತಳೆಯೇ ಇರಲಿಲ್ಲ. ಬೆಕ್ಕುಗಳಲ್ಲಿ ಕಿತ್ತಳೆ ಮತ್ತು ಕಪ್ಪನ್ನು ನಿರ್ಧರಿಸುವ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿದೆ. ಹೆಣ್ಣಿನಲ್ಲಿ ಎಕ್ಸ್ ಎರಡಿರುತ್ತವೆ, ಪ್ರತಿ ಕೋಶವೂ ಒಂದನ್ನು ಮುಚ್ಚಿಡುತ್ತದೆ. ಸಿಸಿಯ ಕೋಶದಲ್ಲಿ ಮುಚ್ಚಿಹೋಗಿದ್ದದ್ದು ಕಿತ್ತಳೆಯ ಎಕ್ಸ್. ಆ ಗಂಟು ಬಿಚ್ಚಲೇ ಇಲ್ಲ.

ಮಚ್ಚೆಯ ಹಸುಗಳ ತದ್ರೂಪಿಗಳಲ್ಲಿ ಮಚ್ಚೆಯ ಆಕಾರವೂ ಬೇರೆಯಾಗುತ್ತದೆ, ಏಕೆಂದರೆ ಬಣ್ಣದ ಕೋಶಗಳು ಗರ್ಭದಲ್ಲಿ ಚರ್ಮದುದ್ದಕ್ಕೂ ಹರಡಿಕೊಳ್ಳುವ ರೀತಿ ಪ್ರತಿ ಸಲ ಒಂದೇ ಆಗಿರುವುದಿಲ್ಲ. ಇದಲ್ಲದೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳಲ್ಲಿ 37 ವಂಶವಾಹಿಗಳ ಪುಟ್ಟ ಗ್ರಂಥವೊಂದಿದೆ. ಅದು ಬರುವುದು ಅಂಡಾಣು ಕೊಟ್ಟ ಪ್ರಾಣಿಯಿಂದ. ಇನ್ನು ಹಾಲಿನ ವಿಷಯಕ್ಕೆ ಬಂದರೆ ಮೇವು, ನೀರು, ಬಿಸಿಲು, ಕರೆಯುವ ಕೈ ಇವೆಲ್ಲದರ ಪಾಲೂ ದೊಡ್ಡದು. ದಿನಕ್ಕೆ ಇಪ್ಪತ್ತು ಲೀಟರ್ ಕೊಟ್ಟ ಎಮ್ಮೆಯ ತದ್ರೂಪಿಗೆ ಒಣಹುಲ್ಲಷ್ಟೇ ಹಾಕಿದರೆ ಇಪ್ಪತ್ತು ಲೀಟರ್ ಬರುವುದಿಲ್ಲ.

## ಹಾಗಿದ್ದರೂ ಏಕೆ ಬೇಕು?

ಹೈನುಗಾರಿಕೆಯಲ್ಲಿ ತದ್ರೂಪಿಯ ನಿಜವಾದ ಆಸೆ ಇರುವುದು ಹೋರಿ, ಕೋಣಗಳ ಮೇಲೆ. ಹಾಲು ಕೊಡದ ಕೋಣದ ಹಾಲಿನ ಗುಣವನ್ನು ತಿಳಿಯುವುದು ಅದರ ಹೆಣ್ಣುಮಕ್ಕಳು ಈದು ಹಾಲು ಕೊಟ್ಟ ಮೇಲೆ. ಆ ಹೊತ್ತಿಗೆ ಏಳೆಂಟು ವರ್ಷ ಕಳೆದು ಕೋಣಕ್ಕೆ ವಯಸ್ಸಾಗಿರುತ್ತದೆ, ಕೆಲವೊಮ್ಮೆ ಸತ್ತೂ ಹೋಗಿರುತ್ತದೆ. ಅಂಥ ಪರೀಕ್ಷೆಯಲ್ಲಿ ಗೆದ್ದ ಕೋಣದ ತದ್ರೂಪಿ ಸಿಕ್ಕರೆ, ಅದರ ವೀರ್ಯವನ್ನು ವರ್ಷಕ್ಕೆ ಸಾವಿರಾರು ಕಡ್ಡಿಗಳಲ್ಲಿ ತುಂಬಿ ಊರೂರಿಗೆ ಕಳಿಸಬಹುದು. ಒಂದು ತದ್ರೂಪಿಗೆ ಆದ ಖರ್ಚು ಸಾವಿರಾರು ಹಟ್ಟಿಗಳಲ್ಲಿ ಹಂಚಿಹೋಗುತ್ತದೆ. ಹಿಸಾರ್‌ನ ಕೇಂದ್ರೀಯ ಎಮ್ಮೆ ಸಂಶೋಧನಾ ಸಂಸ್ಥೆಯಲ್ಲಿ 2015ರ ಡಿಸೆಂಬರ್‌ನಲ್ಲಿ ಹುಟ್ಟಿದ ಹಿಸಾರ್ ಗೌರವ್ ಇಂಥ ಮುರ್ರಾ ತಳಿಯ ತದ್ರೂಪಿ ಕೋಣ. ಕರ್ನಾಲ್‌ನವರು 2013ರಲ್ಲಿ ವೀರ್ಯದಲ್ಲಿ ಬೆರೆತಿದ್ದ ದೇಹಕೋಶದಿಂದಲೇ ಸ್ವರ್ಣ ಎಂಬ ಗಂಡು ಕರುವನ್ನು ಪಡೆದರು.

ಇದಕ್ಕೆ ಪೈಪೋಟಿಯೂ ಹುಟ್ಟಿದೆ. ಈಗ ಕರು ಹುಟ್ಟಿದ ಕೂಡಲೇ ಡಿಎನ್‌ಎ ಪರೀಕ್ಷೆಯಿಂದ ಅದರ ಗುಣವನ್ನು ಅಂದಾಜು ಮಾಡಲು ಬರುತ್ತದೆ. ಅಗ್ಗವಾದ ಆ ದಾರಿ ಇರುವಾಗ ಹಳೆಯ ಹೋರಿಯ ನಕಲು ಏಕೆ ಎಂದು ಕೇಳುವವರಿದ್ದಾರೆ. ಎಲ್ಲರೂ ಒಂದೇ ಕೋಣದ ಸಂತತಿಗೆ ಬಿದ್ದರೆ ಆಗುವ ಅಪಾಯವನ್ನು ರಸಬಾಳೆಯೇ ತೋರಿಸಿದೆ. ಪನಾಮಾ ಸೊರಗು ರೋಗ ನಂಜನಗೂಡಿನ ಸೀಮೆಗೆ ಕಾಲಿಟ್ಟಾಗ ತೋಟದ ಬಾಳೆಗಳೆಲ್ಲ ಒಂದೇ ತದ್ರೂಪಿಯಾಗಿದ್ದವು. ಒಂದಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಯಾವುದಕ್ಕೂ ಇರಲಿಲ್ಲ. ತೋಟಗಳು ಬರಿದಾದವು.

ತದ್ರೂಪಿಯ ಮಾಂಸ, ಹಾಲು ತಿನ್ನಲು ಯೋಗ್ಯವೇ ಎಂಬ ಪ್ರಶ್ನೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2008ರಲ್ಲಿ ದನ, ಹಂದಿ, ಮೇಕೆಗಳ ಮಟ್ಟಿಗೆ ಹೌದು ಎಂದಿತು. ಪ್ರಾಣಿಗಳ ಯಾತನೆಯನ್ನು ಮುಂದಿಟ್ಟ ಯುರೋಪಿನ ಸಂಸತ್ತು 2015ರಲ್ಲಿ ಸಾಕುಪ್ರಾಣಿಗಳ ತದ್ರೂಪಿ ಬೇಡವೆಂದು ಮತ ಹಾಕಿತು.

ಜನರ ಕಣ್ಣಿಗೆ ಅಷ್ಟಾಗಿ ಬೀಳದ ದೊಡ್ಡ ಉಪಯೋಗ ವೈದ್ಯಕೀಯದಲ್ಲಿದೆ. 2022ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ರೋಗಿಯೊಬ್ಬರಿಗೆ ಹಂದಿಯ ಹೃದಯ ಕಸಿ ಮಾಡಿದರು. ಅವರು ಎರಡು ತಿಂಗಳು ಬದುಕಿದರು. ಆ ಹಂದಿಯಲ್ಲಿ ಹತ್ತು ವಂಶವಾಹಿ ಬದಲಾವಣೆಗಳಿದ್ದವು. ಹಂದಿಯ ಕೋಶಗಳ ಮೇಲಿರುವ ಕೆಲವು ಸಕ್ಕರೆ ಅಣುಗಳನ್ನು ಕಂಡ ಕೂಡಲೇ ಮನುಷ್ಯದೇಹ ಅವುಗಳ ಮೇಲೆರಗುತ್ತದೆ; ಅವನ್ನು ತೆಗೆದುಹಾಕಿದ್ದೂ ಅದರಲ್ಲಿ ಸೇರಿತ್ತು. ಇಂಥ ತಿದ್ದುಪಡಿಯನ್ನು ಮೊದಲು ತಟ್ಟೆಯಲ್ಲಿರುವ ಕೋಶದಲ್ಲಿ ಮಾಡಿ, ಸರಿಯಾಗಿ ತಿದ್ದಿದ ಕೋಶವನ್ನಷ್ಟೇ ಆರಿಸಿ, ಅದರಿಂದ ಇಡೀ ಹಂದಿಯನ್ನು ಪಡೆಯುತ್ತಾರೆ. ಕೋಶದಿಂದ ಪ್ರಾಣಿಗೆ ದಾಟುವ ಆ ಸೇತುವೆ ಡಾಲಿಯ ವಿಧಾನವೇ.

## ಕಾಟಿಯ ಕರು, ಫೆರೆಟ್‌ನ ಮೊಮ್ಮಕ್ಕಳು

ಬಂಡೀಪುರ, ನಾಗರಹೊಳೆಯ ರಸ್ತೆಬದಿಯಲ್ಲಿ ಬಿಳಿ ಕಾಲುಚೀಲ ತೊಟ್ಟಂತೆ ನಿಂತಿರುವ ಕಾಟಿಯನ್ನು ಕಂಡವರು ಬಹಳ ಮಂದಿ. ತದ್ರೂಪಿಯಾಗಿ ಹುಟ್ಟಿದ ಮೊದಲ ಅಳಿವಿನಂಚಿನ ಪ್ರಾಣಿ ಆ ಕಾಟಿಯೇ, ಆದರೆ ಹುಟ್ಟಿದ್ದು ಅಮೆರಿಕದ ಅಯೋವಾದಲ್ಲಿ. ಎಂಟು ವರ್ಷ ಹಿಂದೆ ಸತ್ತ ಕಾಟಿಯೊಂದರ ಚರ್ಮದ ಕೋಶಗಳು ಸ್ಯಾನ್ ಡಿಯಾಗೋ ಮೃಗಾಲಯದ ಸಂಗ್ರಹದಲ್ಲಿ ಹೆಪ್ಪುಗಟ್ಟಿ ಕುಳಿತಿದ್ದವು. ಅವನ್ನು ಸಾಧಾರಣ ದನದ 692 ಅಂಡಾಣುಗಳಿಗೆ ಸೇರಿಸಿ, ಕೊನೆಗೆ 2001ರ ಜನವರಿ 8ರಂದು ಹಸುವಿನ ಹೊಟ್ಟೆಯಿಂದ ಒಂದು ಕರುವನ್ನು ಪಡೆದರು. ನೋವಾ ಎಂದು ಹೆಸರಿಟ್ಟರು. ಎರಡೇ ದಿನಗಳಲ್ಲಿ ಅದು ಭೇದಿಯಿಂದ ಸತ್ತಿತು.

ಸ್ಪೇನಿನ ಪರ್ವತಗಳ ಬುಕಾರ್ಡೊ ಎಂಬ ಕಾಡುಮೇಕೆಯ ಕೊನೆಯ ಹೆಣ್ಣು 2000ದ ಜನವರಿಯಲ್ಲಿ ಮರ ಬಿದ್ದು ಸತ್ತಿತ್ತು. ಅದರ ಕಿವಿಯಿಂದ ಮೊದಲೇ ತೆಗೆದಿಟ್ಟ ಕೋಶಗಳಿಂದ 2003ರಲ್ಲಿ ಒಂದು ಮರಿ ಹುಟ್ಟಿ, ಶ್ವಾಸಕೋಶದ ದೋಷದಿಂದ ಕೆಲವೇ ನಿಮಿಷಗಳಲ್ಲಿ ಸತ್ತಿತು. ಅಳಿದುಹೋದ ಪ್ರಾಣಿಯೊಂದು ಹಾಗೆ ಎರಡನೆಯ ಸಲ ಅಳಿಯಿತು.

ಸತ್ತು ಎಷ್ಟೋ ಕಾಲವಾದ ಪ್ರಾಣಿಯ ಮೂಳೆಯಿಂದ ತದ್ರೂಪಿ ಆಗುವುದಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಬೇಕಾದದ್ದು ಇಡಿಯಾದ ಕೋಶಕೇಂದ್ರ. ಮೂಳೆಯಲ್ಲಿ ಉಳಿಯುವುದು ಹರಿದು ಚಿಂದಿಯಾದ ಡಿಎನ್‌ಎ. 2025ರಲ್ಲಿ ಸುದ್ದಿಯಾದ, ಬಹುಕಾಲದ ಹಿಂದೆಯೇ ಅಳಿದ ಡೈರ್ ತೋಳದ ಮರಿಗಳೆಂದವೂ ನಿಜದಲ್ಲಿ ಇಂದಿನ ಬೂದು ತೋಳದ ಕೋಶದಲ್ಲಿ ಇಪ್ಪತ್ತು ತಿದ್ದುಪಡಿ ಮಾಡಿ ಪಡೆದವು.

ಗೆದ್ದ ಉದಾಹರಣೆ ಇರುವುದು ಮುಂಗುಸಿಯನ್ನು ಹೋಲುವ ಕರಿಗಾಲಿನ ಫೆರೆಟ್‌ನಲ್ಲಿ. ಅಮೆರಿಕದಲ್ಲಿ ಇಂದು ಇರುವ ಅವುಗಳೆಲ್ಲ ಏಳೇ ಪ್ರಾಣಿಗಳ ಸಂತತಿಯಾಗಿ ಬೆಳೆದವು, ರಕ್ತಸಂಬಂಧ ಅಷ್ಟು ಹತ್ತಿರ. ಆ ಏಳರಲ್ಲಿ ಸೇರದೆ 1988ರಲ್ಲಿ ಸತ್ತ ವಿಲ್ಲಾ ಎಂಬುದರ ಕೋಶಗಳು ಉಳಿದಿದ್ದವು. 2020ರ ಡಿಸೆಂಬರ್‌ನಲ್ಲಿ ಅದರ ಮೊದಲ ತದ್ರೂಪಿ ಹುಟ್ಟಿತು. ಅದೇ ಕೋಶಗಳಿಂದ ಆಮೇಲೆ ಹುಟ್ಟಿದ ಆಂಟೋನಿಯಾ 2024ರಲ್ಲಿ ತಾನೇ ಮರಿ ಹಾಕಿತು. ಮೂರರಲ್ಲಿ ಎರಡು ಉಳಿದವು. ಕಳೆದುಹೋಗಿದ್ದ ಒಂದು ವಂಶ ಮೂವತ್ತಾರು ವರ್ಷಗಳ ನಂತರ ಮತ್ತೆ ಹರಿಯಿತು. ಅಲ್ಲಿ ತದ್ರೂಪಿ ಬೆರಕೆಯನ್ನು ತಪ್ಪಿಸಲು ಬರಲಿಲ್ಲ, ಬೆರಕೆಗೆ ಬೇಕಾದ ಹೊಸ ರಕ್ತವಾಗಿ ಬಂತು.

## ಮನುಷ್ಯರ ಮಾತು

2018ರಲ್ಲಿ ಚೀನಾದ ಶಾಂಘೈನಲ್ಲಿ ಎರಡು ತದ್ರೂಪಿ ಮಂಗಗಳು ಹುಟ್ಟಿದ ಸುದ್ದಿ ಬಂದಾಗ, ಮುಂದೆ ಮನುಷ್ಯನೇ ಎಂದು ಹಲವರು ಅಂಜಿದರು. ಆ ಮಂಗಗಳು ಬಂದದ್ದು ಗರ್ಭಸ್ಥ ಮರಿಯ ಕೋಶಗಳಿಂದ. ಬಲಿತ ಮಂಗದ ಕೋಶಗಳಿಂದ ಅದೇ ತಂಡ ಪಡೆದ ಎರಡು ಮರಿಗಳು ಹುಟ್ಟಿದ ಕೂಡಲೇ ಸತ್ತವು. ಮನುಷ್ಯರ ತದ್ರೂಪಿ ಹುಟ್ಟಿಸುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ನಿಷೇಧಿಸಿದೆ.

ಮನುಷ್ಯರಿಗೆ ಈ ವಿಜ್ಞಾನದಿಂದ ದಕ್ಕಿದ ಫಲ ಬೇರೊಂದು ದಾರಿಯಲ್ಲಿ ಬಂತು. ಅಂಡಾಣು ಗಂಟು ಬಿಚ್ಚಬಲ್ಲದಾದರೆ, ಬಿಚ್ಚುವ ಸಾಮಗ್ರಿಯನ್ನಷ್ಟೇ ಕೊಡಲು ಬಾರದೇ ಎಂದು ಜಪಾನಿನ ಶಿನ್ಯಾ ಯಮನಾಕ ಕೇಳಿಕೊಂಡರು. 2006ರಲ್ಲಿ ನಾಲ್ಕೇ ವಂಶವಾಹಿಗಳನ್ನು ಸೇರಿಸಿ ಇಲಿಯ ಚರ್ಮದ ಕೋಶವನ್ನು, ಯಾವ ಅಂಗದ ಕೋಶವಾಗಿಯಾದರೂ ಬೆಳೆಯಬಲ್ಲ ಎಳೆಯ ಕೋಶವನ್ನಾಗಿ ಮಾಡಿದರು. ಅಂಡಾಣು ಬೇಡ, ಭ್ರೂಣ ಬೇಡ, ಗರ್ಭವೂ ಬೇಡ. 2012ರ ನೊಬೆಲ್ ಪ್ರಶಸ್ತಿಯನ್ನು ಅವರೂ, ಐವತ್ತು ವರ್ಷ ಹಿಂದೆ ಕಪ್ಪೆಯೊಂದಿಗೆ ಆರಂಭಿಸಿದ ಗುರ್ಡನ್ ಅವರೂ ಹಂಚಿಕೊಂಡರು.

## ಕಿವಿಯ ಒಂದು ಚೂರು

ಹಟ್ಟಿಯ ಆ ಒಳ್ಳೆಯ ಎಮ್ಮೆಯ ವಿಷಯಕ್ಕೆ ಮರಳೋಣ. ಇಂದು ಅದರ ತದ್ರೂಪಿಯನ್ನು ಮನೆಗೆ ತರಿಸಿಕೊಳ್ಳಲು ರೈತನಿಗೆ ದಾರಿ ಇಲ್ಲ. ಖರ್ಚೂ ಸೋಲೂ ಅಷ್ಟಿವೆ. ಹಟ್ಟಿಗೆ ಬರುವುದಿದ್ದರೆ ತದ್ರೂಪಿ ಕೋಣದ ವೀರ್ಯದ ಕಡ್ಡಿಯಾಗಿ ಬರುತ್ತದೆ, ಹುಟ್ಟುವ ಕರು ಮತ್ತೆ ಅರ್ಧ ಪಾಲಿನದ್ದೇ.

ಆದರೆ ಕೋಶವನ್ನು ಉಳಿಸಿಕೊಳ್ಳುವುದು ಕಷ್ಟದ ಕೆಲಸವಲ್ಲ. ಕಿವಿಯ ಅಂಚಿನಿಂದ ಅಕ್ಕಿಕಾಳಿನಷ್ಟು ಚರ್ಮ ಸಾಕು. ಪ್ರಾಣಿ ಬದುಕಿರುವಾಗಲೇ ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸಿಟ್ಟರೆ ದಶಕಗಳ ಕಾಲ ಕೆಡುವುದಿಲ್ಲ. ಅಳಿವಿನ ಅಂಚಿಗೆ ಬಂದ ನಾಟಿ ತಳಿಗಳ, ಕಾಡುಪ್ರಾಣಿಗಳ ಕೋಶಗಳನ್ನು ಹೀಗೆ ಕೂಡಿಡುವುದಕ್ಕೆ ಅರ್ಥ ಬರುವುದು ಇದರಿಂದಲೇ: 1988ರಲ್ಲಿ ವಿಲ್ಲಾಳ ಚರ್ಮವನ್ನು ತೆಗೆದಿಟ್ಟವರ ಮುಂದೆ ಇನ್ನೂ ಡಾಲಿಯೇ ಹುಟ್ಟಿರಲಿಲ್ಲ. ಆ ಸಾರಜನಕವೂ ನಮಗೆ ಅಪರಿಚಿತವಲ್ಲ. ಎಮ್ಮೆ ಬೆದೆಗೆ ಬಂದಿದೆ ಎಂದು ಹೇಳಿಕಳಿಸಿದಾಗ ಪಶುವೈದ್ಯರು ಬೈಕಿನ ಹಿಂದೆ ಕಟ್ಟಿಕೊಂಡು ಬರುತ್ತಾರಲ್ಲ, ಮುಚ್ಚಳ ತೆಗೆದರೆ ಬಿಳಿ ಹೊಗೆಯಾಡುವ ಕ್ಯಾನು, ಅದರೊಳಗೆ ಇರುವುದು ಅದೇ.